ಆರ್ವಿಡ್ ತಡವಾದ ಗುರುವಾರ

ಬದುಕಿದ್ದ ಕೊನೆಯ ಗುರುವಾರ ನನ್ನ ಗಂಡ ಆರ್ವಿಡ್ ಎರಡು ತಟ್ಟೆ ಮಾಂಸದುಂಡೆ ತಿಂದ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಅವನಿಗೆ ಅಂದೇ ಮೈ ಸರಿಯಿರಲಿಲ್ಲ ಎಂದು ಆಮೇಲೆ ಊರೆಲ್ಲ ಮಾತಾಡಿತು. ಸರಿಯಾಗಿಯೇ ಇತ್ತು.

ಅವನು ವಿಸ್ಕಾನ್ಸಿನ್‌ನ ನಮ್ಮ ಊರಿನ ವಿಶ್ವವಿದ್ಯಾಲಯದಲ್ಲಿ ವ್ಯಾನ್ ಓಡಿಸುತ್ತಿದ್ದ. ಪ್ರತಿ ಫೆಬ್ರವರಿ ಜೀವಶಾಸ್ತ್ರದಲ್ಲಿ ಪಿಎಚ್.ಡಿ. ಮಾಡಬೇಕೆನ್ನುವ ಹುಡುಗ ಹುಡುಗಿಯರು ಇಲ್ಲಿಗೆ ಸಂದರ್ಶನಕ್ಕೆ ಬರುತ್ತಾರೆ. ವಿಮಾನ, ಹೋಟೆಲು, ಊಟ ಎಲ್ಲ ವಿಭಾಗದ ಖರ್ಚು. ಹಗಲೆಲ್ಲ ಒಬ್ಬೊಬ್ಬ ಪ್ರೊಫೆಸರರ ಕೋಣೆಯಲ್ಲಿ ಅರ್ಧರ್ಧ ಗಂಟೆ ಕೂರಬೇಕು. ಹೆಚ್ಚು ಮಾತು ಪ್ರೊಫೆಸರರದೇ ಆದರೆ ಸಂದರ್ಶನ ಚೆನ್ನಾಗಿ ಆಯಿತು ಎಂದರ್ಥವಂತೆ. ಸಂಜೆ ಇಲ್ಲೇ ಓದುತ್ತಿರುವ ವಿದ್ಯಾರ್ಥಿಗಳ ಜೊತೆ ಪಿಜ್ಜಾ, ಬಿಯರ್. ಅದೂ ಪರೀಕ್ಷೆಯೇ, ಎದುರಿಗೆ ಸಿಕ್ಕವರೆಲ್ಲ ನಿಮ್ಮನ್ನು ಅಳೆಯುತ್ತಿರುತ್ತಾರೆ, ಡ್ರೈವರನೂ ಕೂಡ ಎಂದು ಯಾರೋ ಇವರಿಗೆ ಹೇಳಿ ಕಳಿಸಿರುತ್ತಾರೆ. ಹಾಗಾಗಿ ವ್ಯಾನ್ ಹತ್ತಿದವರೆಲ್ಲ ಆರ್ವಿಡ್‌ನನ್ನು ಸರ್ ಎನ್ನುತ್ತಿದ್ದರು. ಅವನಿಗೆ ಹಿಗ್ಗೋ ಹಿಗ್ಗು. ಮನೆಯಲ್ಲಿ ಯಾರೂ ಅವನನ್ನು ಸರ್ ಎನ್ನುತ್ತಿರಲಿಲ್ಲ. ಒಮ್ಮೆ ಒಬ್ಬಳು, ಈ ವಿಭಾಗದಲ್ಲಿ ನಿಮಗೆ ತುಂಬಾ ಹಿಡಿಸಿದ್ದು ಯಾವುದು ಎಂದು ಕೇಳಿದಳಂತೆ. ಮಿಕ್ಕ ಚೀಸು ಮನೆಗೆ ಕೊಡುತ್ತಾರೆ ಎಂದನಂತೆ ಇವನು. ಅವಳು ಅದನ್ನು ಬರೆದುಕೊಂಡಳು.

ಆರ್ವಿಡ್‌ಗೆ ಜಂಬ ಪಡಲು ಇದ್ದದ್ದು ಒಂದೇ. ಅವನ ವ್ಯಾನ್ ಎಂದೂ ತಡವಾಗಿರಲಿಲ್ಲ. ನಮ್ಮ ಮದುವೆಯ ದಿನ ಪಾದ್ರಿಯನ್ನು ಹಾಸಿಗೆಯಿಂದ ಎಬ್ಬಿಸಿದವನು ಅವನು.

ಆ ಗುರುವಾರ ಮಿಕ್ಕವರನ್ನೆಲ್ಲ ಬಿಟ್ಟು ಕೊನೆಯ ಸುತ್ತಿಗೆ ಹೋಟೆಲಿಗೆ ಹೋದಾಗ ಡೆಸ್ಮಂಡ್ ಎಂಬ ಅರಿಝೋನಾದ ಹುಡುಗ ಕೆಳಗಿಳಿದೇ ಇರಲಿಲ್ಲ. ಆರ್ವಿಡ್ ಮೇಲೆ ಹೋಗಿ ಬಾಗಿಲು ಬಡಿದ. ಹುಡುಗ ರಾತ್ರಿಯೆಲ್ಲ ಉತ್ತರ ಬಾಯಿಪಾಠ ಮಾಡಿ ಬೆಳಗಾಗುವಾಗ ಮಲಗಿಬಿಟ್ಟಿದ್ದ. ತಡವಾಗಬಾರದೆಂದು ಸೂಟು ಹಾಕಿಕೊಂಡೇ ಮಲಗಿದ್ದ, ಷೂ ಸಮೇತ. ಅವನ ಮೊದಲ ಭೇಟಿ ಪ್ರೊಫೆಸರ್ ಇಂಗ್ರಾಮ್ ಅವರೊಂದಿಗೆ. ಆಯಮ್ಮ ಬೇಡ ಎಂದರೆ ಮುಗಿಯಿತು. ತಡವಾಗಿ ಬಂದವರನ್ನು ಆಯಮ್ಮ ಬೇಡ ಎನ್ನುತ್ತಾರೆ. ಇವರು ಹೋಗಿ ಸೇರಿದಾಗ ಅವರು ಗಡಿಯಾರ ನೋಡುತ್ತ ಬಾಗಿಲಲ್ಲೇ ನಿಂತಿದ್ದರು. ಹುಡುಗ ಬಾಯಿ ತೆರೆಯುವ ಮೊದಲೇ ಆರ್ವಿಡ್, ವ್ಯಾನ್ ಹಿಮದಲ್ಲಿ ಹೂತುಹೋಯಿತು, ತಪ್ಪು ನನ್ನದು ಎಂದುಬಿಟ್ಟ.

ಊಟಕ್ಕೆ ಕೂತಾಗ ಇದನ್ನು ನಗುತ್ತ ಹೇಳಿದ. ನನಗೆ ನಗು ಬರಲಿಲ್ಲ.

"ಇಷ್ಟು ವರ್ಷ ಕಾಪಾಡ್ಕೊಂಡು ಬಂದ ಹೆಸರು. ಯಾವನೋ ನಿದ್ದೆಬುರುಕನಿಗೋಸ್ಕರ ಹಾಳ್ಮಾಡ್ಕೊಂಡ್ಯಲ್ಲ ಮಾರಾಯ" ಎಂದೆ.

"ಹೋಗ್ಲಿ ಬಿಡೇ. ನನ್ನನ್ನೇನು ಅವರು ಪಿಎಚ್.ಡಿ.ಗೆ ಸೇರಿಸ್ಕೋಬೇಕಾ? ಇನ್ನೆರಡು ಉಂಡೆ ಹಾಕು."

ಮಾರನೆಯ ಬೆಳಿಗ್ಗೆ ಬಾಗಿಲ ಮುಂದಿನ ಹಿಮ ಎತ್ತಿಹಾಕಲು ಸಲಿಕೆ ಹಿಡಿದು ಹೋದ. ಒಳಗೆ ಬರಲಿಲ್ಲ. ಹೃದಯ ನಿಂತಿತ್ತು. ಅರ್ಧ ದಾರಿ ಚೊಕ್ಕಟವಾಗಿತ್ತು. ಇನ್ನರ್ಧ ಪಕ್ಕದ ಮನೆಯವರು ಮಾಡಿದರು. ಇದಕ್ಕಿಂತ ಹೆಚ್ಚು ಬರೆಯಲಾರೆ.

ಮಣ್ಣು ಮಾಡಿದ ಮೇಲೆ ಚರ್ಚಿನ ನೆಲಮಾಳಿಗೆಯಲ್ಲಿ ಹ್ಯಾಮ್ ಸ್ಯಾಂಡ್‌ವಿಚ್, ಕಾಫಿ. ಪ್ರೊಫೆಸರ್ ಇಂಗ್ರಾಮ್ ಎದ್ದು ನಿಂತು ನಾಲ್ಕು ಮಾತಾಡಿದರು. ಎಂದೂ ತಡ ಮಾಡದವನು ಸಾಯುವ ಹಿಂದಿನ ದಿನ ತಡ ಮಾಡಿದ, ಆಗಲೇ ನಮಗೆ ತಿಳಿಯಬೇಕಿತ್ತು ಎಂದರು. ಎಲ್ಲರೂ ಕಣ್ಣೊರೆಸಿಕೊಂಡರು. ನನಗೆ ಮೈಯೆಲ್ಲ ಉರಿಯಿತು. ಎದ್ದು ನಿಜ ಹೇಳಬೇಕೆಂದುಕೊಂಡೆ. ಆದರೆ ವಿಭಾಗದ ಆಫೀಸು ನೋಡಿಕೊಳ್ಳುವ ರೋಸೆಲಿನ್ ಆಗಷ್ಟೇ ನನಗೆ ಹೇಳಿದ್ದಳು, ಆಯ್ಕೆಯಾದವರ ಹೆಸರು ಇನ್ನೂ ಹೊರಬಿದ್ದಿಲ್ಲ, ಆ ಅರಿಝೋನಾದವನದು ಅಂಚಿನಲ್ಲಿದೆ ಎಂದು. ನಾನು ಬಾಯಿ ಬಿಟ್ಟರೆ ಅವನು ಹೋದ. ಬಿಡದಿದ್ದರೆ ಆರ್ವಿಡ್ ತಡ ಮಾಡಿದವನಾಗಿಯೇ ಮಣ್ಣಲ್ಲಿರುತ್ತಾನೆ. ಸುಳ್ಳು ಹೇಳಿದವನು ಅವನೇ. ಅದನ್ನು ನಾನು ಮುರಿಯಲಾರದೆ ಬಾಯಿಗೆ ಸ್ಯಾಂಡ್‌ವಿಚ್ ತುರುಕಿಕೊಂಡೆ. ಒಣಕಲು ಸ್ಯಾಂಡ್‌ವಿಚ್.

ಹುಡುಗನಿಗೆ ಸೀಟು ಸಿಕ್ಕಿತು. ಆಗಸ್ಟ್‌ನಲ್ಲಿ ಊರಿಗೆ ಬಂದವನು ನಮ್ಮ ಮನೆ ವಿಚಾರಿಸಿಕೊಂಡು ಬಂದ. ಕೈಯಲ್ಲಿ ಕುಂಡ, ಕುಂಡದಲ್ಲಿ ಒಂದು ಪಾಪಾಸುಕಳ್ಳಿ. ಸರ್‌ಗೆ ಕೊಡಬೇಕು ಎಂದ.

"ಸರ್ ಸತ್ತೋದ್ರು" ಎಂದೆ. "ನಿನ್ನ ತಡ ಹೊತ್ಕೊಂಡೇ ಹೋದ್ರು."

ಚರ್ಚಿನಲ್ಲಿ ನಡೆದದ್ದನ್ನೂ ಹೇಳಿದೆ. ಅವನು ಮೆಟ್ಟಿಲ ಮೇಲೆ ಕೂತ. ಕುಂಡವನ್ನು ಅವುಚಿಕೊಂಡು ಮುಳ್ಳು ಚುಚ್ಚಿಸಿಕೊಂಡ. ಕೀಳಲು ನಾನೇ ಚಿಮುಟ ತಂದು ಕೂರಬೇಕಾಯಿತು.

"ನಾಳೆ ಹೋಗಿ ನಿಜ ಹೇಳ್ತೀನಿ ಅಮ್ಮಾ" ಎಂದ.

"ಆಚೆ ಹಾಕಿದ್ರೆ?"

"ಹಾಕ್ಲಿ."

ಅವನು ಹೋದ ಮೇಲೆ ನನಗೆ ಸಮಾಧಾನವಿಲ್ಲ. ಆರ್ವಿಡ್ ಒಳಗೆ ತಳ್ಳಿದವನನ್ನು ನಾನು ಹೊರಗೆ ತಳ್ಳಿದೆನೋ ಏನೋ.

ಮಾರನೆಯ ದಿನ ನಡೆದದ್ದನ್ನು ಬಾಗಿಲ ಹೊರಗೆ ನಿಂತು ಕೇಳಿಸಿಕೊಂಡು ನನಗೆ ಹೇಳಿದವಳು ರೋಸೆಲಿನ್. ಪ್ರೊಫೆಸರ್ ಇಂಗ್ರಾಮ್ ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕಿದರಂತೆ.

"ಅವತ್ತು ಇನ್ನೇನೇನು ಸುಳ್ಳು ಹೇಳಿದ್ದೆ?"

"ನಿಮ್ಮ ಪುಸ್ತಕ ಪೂರ್ತಿ ಓದಿದೀನಿ ಅಂದಿದ್ದೆ."

"ಅದನ್ನ ನನ್ನ ಗಂಡನೇ ಓದಿಲ್ಲ. ಹೋಗು, ಕೆಲಸ ಶುರು ಮಾಡು."

ಸಂಜೆ ಅವರು ನನಗೇ ಫೋನ್ ಮಾಡಿದರು. ಆರ್ವಿಡ್ ಯಾವತ್ತೂ ತಡ ಮಾಡಿರಲಿಲ್ಲ, ನಾವೇ ತಪ್ಪು ತಿಳಿದೆವು ಎಂದರು. ನನಗೆ ಗೊತ್ತಿದೆ ಎಂದೆ. ಫೋನ್ ಇಟ್ಟ ಮೇಲೆ ಅಡುಗೆಮನೆಯಲ್ಲಿ ಕೂತು ಅತ್ತೆ. ಅಷ್ಟು ದಿನ ಸಿಟ್ಟಿನಲ್ಲೇ ಇದ್ದೆ, ಅಳಲು ಆಗಿರಲಿಲ್ಲ.

ಮುಂದಿನ ಸೋಮವಾರ ಡೆಸ್ಮಂಡ್ ತನ್ನ ಮೊದಲ ತರಗತಿಗೇ ತಡವಾಗಿ ಹೋದ. ಈಗ ತಪ್ಪು ಹೊತ್ತುಕೊಳ್ಳುವವರು ಯಾರೂ ಇಲ್ಲ. ರೋಸೆಲಿನ್‌ಳಿಂದ ಅವನ ನಂಬರ್ ತೆಗೆದುಕೊಂಡೆ. ಅಂದಿನಿಂದ ದಿನಾ ಬೆಳಿಗ್ಗೆ ಒಲೆ ಹಚ್ಚುವ ಮೊದಲು ಅವನಿಗೆ ಫೋನ್ ಮಾಡುತ್ತೇನೆ. ಎದ್ದಿದ್ದೇನೆ ಎನ್ನುತ್ತಾನೆ. ಎದ್ದಿರುವುದಿಲ್ಲ. ಕಾಲು ನೆಲಕ್ಕಿಡು ಎನ್ನುತ್ತೇನೆ. ಹಲಗೆ ಕಿರುಗುಟ್ಟಿದ್ದು ಕಿವಿಗೆ ಬಿದ್ದ ಮೇಲೆಯೇ ಫೋನ್ ಇಡುತ್ತೇನೆ.