ಮುಂದಿನ ಸೀಟಿನ ಮೇಡಂ

ಅವರ ಮೂಗಿನ ಮೇಲೆ ಸದಾ ಒಂದು ಬಿಳಿ ಪಟ್ಟೆ ಇರುತ್ತಿತ್ತು. ಬಿಸಿಲಿಗೆ ಸುಲಿದು ಕೆಂಪಾದ ಚರ್ಮದ ಮೇಲೆ ದಪ್ಪಗೆ ಬಳಿದ ಮುಲಾಮು. ಮೊದಲ ದಿನ ನೋಡಿದಾಗ, ಪಾಪ, ಹಣೆಗಿಡಲು ಹೋದ ವಿಭೂತಿ ಜಾರಿತೇನೋ ಅಂದುಕೊಂಡೆ. ದೋಹಾದ ನಮ್ಮ ಇಂಜಿನಿಯರಿಂಗ್ ಕಂಪನಿಗೆ ಡೈರೆಕ್ಟರ್ ಆಗಿ ಆಸ್ಟ್ರೇಲಿಯಾದಿಂದ ಬಂದವರು. ಅರವತ್ತು ದಾಟಿತ್ತು. "ಎಲ್ಲರೂ ನನ್ನನ್ನ ಹೆಸರು ಹಿಡಿದೇ ಕರೀಬೇಕು" ಎಂದು ಮೊದಲ ಮೀಟಿಂಗಿನಲ್ಲೇ ಅಪ್ಪಣೆಯಾಯಿತು. ನಾನು ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿದೆ. ಮೈಸೂರಿನಲ್ಲಿ ಬೆಳೆದ ನಾಲಿಗೆ, ಎದುರಿಗೆ ಹೋದಾಗ ಹೊರಬಂದದ್ದು "ಮೇಡಂ" ಎಂದೇ. ಇಂದಿಗೂ ನನಗೆ ಅವರು ಮೇಡಂ.

ನಾನು ಚಿಂತೆ ಮಾಡುವುದಕ್ಕೆಂದೇ ಹುಟ್ಟಿದವನು. ಎಸಿ ಶಬ್ದ ಮಾಡಿದರೆ ಕೆಟ್ಟಿತೆಂದು ಚಿಂತೆ, ಮಾಡದಿದ್ದರೆ ನಿಂತಿತೆಂದು ಚಿಂತೆ. ಇಂಥವನನ್ನು ಮೇಡಂ ಮರಳುಗಾಡಿನಾಚೆಯ ದುಖಾನ್ ಸೈಟಿಗೆ ಜೊತೆಯಲ್ಲಿ ಕರೆದುಕೊಂಡು ಹೊರಟರು. ಕಾರಿನ ಡ್ರೈವರ್ ಉಳ್ಳಾಲದವರು, ನನಗಿಂತ ಹಿರಿಯರು, ಆಫೀಸಿಗೆಲ್ಲ ಅವರು "ಕಾಕ". ನಾನು ಹಿಂದಿನ ಬಾಗಿಲು ತೆಗೆದು ಹಿಡಿದು ನಿಂತೆ. ಮೇಡಂ ಮುಂದಿನ ಬಾಗಿಲು ತೆಗೆದು, ಸೀಟಿನ ಮೇಲಿದ್ದ ಕಾಕನ ಊಟದ ಡಬ್ಬಿಯನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು ಕೂತೇಬಿಟ್ಟರು.

ಕಾಕ ಕನ್ನಡಿಯಲ್ಲಿ ನನ್ನನ್ನು ನೋಡಿದರು. "ಎಂತ ಸರ್ ಇದು? ಅವರು ಮುಂದೆ, ನೀವು ಹಿಂದೆ! ನೋಡಿದವರು ನಿಮ್ಮನ್ನೇ ಬಾಸ್ ಅಂತ ತಿಳೀತಾರೆ."

"ಸುಮ್ನೆ ಓಡ್ಸಿ ಕಾಕ. ನನಗೆ ಆಗಲೇ ಬೆವರು ಬರ್ತಿದೆ."

ಅವರ ದೇಶದಲ್ಲಿ ಒಬ್ಬರೇ ಟ್ಯಾಕ್ಸಿ ಹತ್ತಿದರೆ ಡ್ರೈವರ್ ಪಕ್ಕದಲ್ಲಿ ಕೂರುವುದೇ ಎಷ್ಟೋ ಜನರ ರೂಢಿಯಂತೆ. ಹಿಂದೆ ಕೂತವನಿಗೆ ಜಂಬ ಎನ್ನುತ್ತಾರಂತೆ. ಮೇಡಂ ಹೇಳಿದ ಇದನ್ನು ನಾನು ಕಾಕನಿಗೆ ದಾಟಿಸಿದಾಗ ಅವರು ಕೇಳಿದರು, "ಹಾಗಾದರೆ ಅವರ ಊರಲ್ಲಿ ದೊಡ್ಡವರು ಸಣ್ಣವರು ಅಂತ ಇಲ್ವಾ ಸರ್? ಕೇಳಿ ನೋಡಿ." ಕೇಳಿದೆ. ಮೇಡಂ ನಕ್ಕರು. ಅವರ ಇಂಗ್ಲಿಷನ್ನು ನನ್ನ ಕನ್ನಡಕ್ಕೆ ಇಳಿಸಿ ಹೇಳುವುದಾದರೆ: "ಇತ್ತು. ಈಗಲೂ ಇದೆ. ಒಬ್ಬ ಪ್ರಧಾನಿ ಬಂದು ಚೆನ್ನಾಗಿ ಅಲ್ಲಾಡಿಸಿ ಹೋದ."

ಮರಳುಗಾಡಿನ ಆ ನೇರ ರಸ್ತೆಯಲ್ಲಿ ನಾನು ಅವರ ಪ್ರಧಾನಿಯ ಕಥೆ ಕೇಳಿದೆ. ಮೇಡಂ ಆಗ ಸ್ಕೂಲಿನಲ್ಲಿದ್ದರು. ಅವರ ಅಮ್ಮ ಬಟ್ಟೆ ಹೊಲಿಯುವ ಫ್ಯಾಕ್ಟರಿಯಲ್ಲಿದ್ದವರು, ಮೂರು ಮಕ್ಕಳ ತಾಯಿ. ಆ ಪ್ರಧಾನಿ ಯೂನಿವರ್ಸಿಟಿ ಫೀಸನ್ನೇ ತೆಗೆದುಹಾಕಿದ. ಅಮ್ಮ ಹೊಲಿಗೆ ಬಿಟ್ಟು ಓದಲು ಹೋದರು. "ಅಡುಗೆಮನೆ ಮೇಜಿನ ತುಂಬ ಪುಸ್ತಕ. ಊಟ ಏನು ಅಂತ ಕೇಳಿದ್ರೆ, ಬ್ರೆಡ್ ಅಲ್ಲಿದೆ, ಚಾಕು ಇಲ್ಲಿದೆ ಅನ್ನೋಳು. ಅಪ್ಪ ಸಾಯೋವರೆಗೂ ಆ ಪ್ರಧಾನಿಯನ್ನ ಬೈದ, ಒಂದು ಸಲವೂ ಓಟು ಹಾಕಲಿಲ್ಲ. ಅಮ್ಮನ ಡಿಗ್ರಿ ಫೋಟೋಗೆ ಗೋಡೆಯಲ್ಲಿ ಮೊಳೆ ಹೊಡೆದವನೂ ಅಪ್ಪನೇ."

ಆತ ಗೆದ್ದ ಮೇಲೆ ಮಂತ್ರಿಮಂಡಲ ರಚನೆಯಾಗುವವರೆಗೂ ಕಾಯಲಿಲ್ಲವಂತೆ. ತಾನೂ ತನ್ನ ಪಕ್ಷದ ಇನ್ನೊಬ್ಬನೂ ಖಾತೆಗಳನ್ನೆಲ್ಲ ಹಂಚಿಕೊಂಡು ಸಹಿ ಹಾಕತೊಡಗಿದರಂತೆ. ಹುಡುಗರನ್ನು ಕಡ್ಡಾಯವಾಗಿ ಸೈನ್ಯಕ್ಕೆ ಸೇರಿಸುವುದು ನಿಂತಿತು. ಆಮೇಲೆ ಎಲ್ಲರಿಗೂ ಆರೋಗ್ಯ ವಿಮೆ ಬಂತು. ಬಿಳಿಯರಿಗೇ ಮೊದಲ ಮಣೆ ಹಾಕುತ್ತಿದ್ದ ವಲಸೆ ನೀತಿಯ ಕೊನೆಯ ಬೇರನ್ನೂ ಕಿತ್ತರು.

"ಎಷ್ಟು ವರ್ಷ ಇದ್ರು ಮೇಡಂ?"

"ಮೂರು. ಆಮೇಲೆ ಇಂಗ್ಲೆಂಡಿನ ರಾಣಿಯ ಪ್ರತಿನಿಧಿ ಕರೆದು ಮನೆಗೆ ಹೋಗು ಅಂದ."

ಮೂರು ವರ್ಷದಲ್ಲಿ ನಮ್ಮ ಕಡೆ ಒಂದು ಮೇಲ್ಸೇತುವೆಗೆ ಗುದ್ದಲಿ ಪೂಜೆ ಆಗುವುದೂ ಕಷ್ಟ. "ಜನ ಸುಮ್ನಿದ್ರಾ?" ಎಂದೆ.

"ಬೀದಿಗಿಳಿದು ಕೂಗಿದರು. ಚುನಾವಣೆ ಬಂದಾಗ ಅದೇ ಜನ ಸೋಲಿಸಿದರು. ದುಡ್ಡಿನ ವಿಷಯದಲ್ಲಿ ಅವನು ಸರಿಯಿರಲಿಲ್ಲ, ಬೆಲೆಗಳೆಲ್ಲ ಏರಿದ್ದವು, ಅದೂ ನಿಜ. ಮುಂದೆ ಬಂದವರು ವಿಮೆಯನ್ನ ಕಿತ್ತುಹಾಕಿದರು. ಅವರ ಮುಂದಿನವರು ವಾಪಸು ತರಬೇಕಾಯ್ತು. ಇವತ್ತು ಅದನ್ನ ಮುಟ್ಟೋಕೆ ಯಾವ ಪಕ್ಷಕ್ಕೂ ಧೈರ್ಯ ಇಲ್ಲ. ಯೂನಿವರ್ಸಿಟಿ ಫೀಸ್ ಮಾತ್ರ ಮತ್ತೆ ಬಂತು. ಅದನ್ನ ನಾವು ಉಳಿಸಿಕೊಳ್ಳಲಿಲ್ಲ." ಕೊನೆಯ ಮಾತನ್ನು ಮಾತ್ರ ಕಿಟಕಿಯ ಕಡೆ ತಿರುಗಿ ಹೇಳಿದರು.

ಆ ಸಂಜೆ ಮೆಲ್ಬರ್ನಿನಲ್ಲಿರುವ ನನ್ನ ಭಾವನಿಗೆ ಫೋನ್ ಮಾಡಿ, ನೀನು ಅಲ್ಲಿರುವುದು ಯಾರ ಪುಣ್ಯ ಗೊತ್ತಾ ಎಂದು ಕೇಳಿದೆ. "ಯಾವ ಪ್ರಧಾನೀನೋ? ನಾನು ಬಂದಿರೋದು ನನ್ನ ಮಾರ್ಕ್ಸ್ ಮೇಲೆ!" ಎಂದ. ಮರುದಿನ ಹೇಳಿದಾಗ ಮೇಡಂಗೆ ಇದು ಬಹಳ ಹಿಡಿಸಿತು. "ಒಂದು ಕಾಲದಲ್ಲಿ ಬಾಗಿಲು ಮುಚ್ಚಿತ್ತು ಅನ್ನೋದೇ ಅವನಿಗೆ ಗೊತ್ತಿಲ್ಲ. ಒಳ್ಳೆ ಕೆಲಸ ಹಾಗೇ ಇರಬೇಕು."

ಅವರು ಸುಮ್ಮನೆ ಕಥೆ ಹೇಳಿ ಬಿಡುವವರಾಗಿರಲಿಲ್ಲ. ನಮ್ಮ ಆಫೀಸಿನಲ್ಲಿ ಎಸಿ ಇರುವ ಊಟದ ಕೋಣೆ ನಮ್ಮಂಥ ಸ್ಟಾಫಿಗೆ ಮಾತ್ರ. ಡ್ರೈವರುಗಳು, ಚಹಾ ಮಾಡುವವರು, ಕ್ಲೀನಿಂಗಿನವರು ನೆಲಮಾಳಿಗೆಯ ಪಾರ್ಕಿಂಗಿನಲ್ಲಿ ರಟ್ಟು ಹಾಸಿಕೊಂಡು ತಿನ್ನುತ್ತಿದ್ದರು. ಯಾರೂ ಮಾಡಿದ ನಿಯಮವಲ್ಲ, ಹಾಗೇ ನಡೆದುಕೊಂಡು ಬಂದದ್ದು. ಮೇಡಂ ಒಂದು ದಿನ ಪಾರ್ಕಿಂಗಿಗೆ ಇಳಿದುಹೋಗಿ ಎಲ್ಲರನ್ನೂ ಡಬ್ಬಿಸಮೇತ ಮೇಲೆ ಕರೆತಂದರು.

"ಸರ್, ಬೇಡ ಅಂತ ಹೇಳಿ. ನನ್ನ ಕೆಲಸ ಹೋಗ್ತದೆ," ಎಂದು ಕಾಕ ನನ್ನ ಕಿವಿಯಲ್ಲಿ ಉಸುರಿದರು. ನಾನು ಮೇಡಂ ಕಿವಿಯಲ್ಲಿ ಉಸುರಿದೆ, "ಅಡ್ಮಿನ್ ಹತ್ರ ಒಂದು ಮಾತು ಕೇಳಿದ್ರೆ..."

"ಕೇಳಿದರೆ ಬೇಡ ಅನ್ನೋಕೆ ಅವರಿಗೆ ಒಂದು ನಿಮಿಷ ಸಾಕು. ಮಾಡಿಬಿಟ್ಟರೆ ತೆಗೆಯೋಕೆ ಅವರು ಒದ್ದಾಡಬೇಕು. ಕೂತ್ಕೊಳ್ಳಿ."

ಮೊದಮೊದಲು ಎಲ್ಲರೂ ತಮ್ಮ ತಮ್ಮ ಡಬ್ಬಿಯನ್ನೇ ನೋಡಿಕೊಂಡು ತಿಂದರು. ಆಮೇಲೆ ಕಾಕನ ಮನೆಯ ಮೀನು ಪುಳಿಮುಂಚಿಯ ವಾಸನೆಯ ಬಗ್ಗೆ ನಮ್ಮ ಅಕೌಂಟ್ಸಿನವರು ಗೊಣಗಿದರು. ಇನ್ನೂ ಆಮೇಲೆ ಅವರೇ ಅದಕ್ಕೆ ತಟ್ಟೆ ಒಡ್ಡಿದರು.

ಒಂದು ಬೇಸಿಗೆಯಲ್ಲಿ, ಅವಧಿ ಮುಗಿಯುವ ಮೊದಲೇ, ಮೇಡಂಗೆ "ಥ್ಯಾಂಕ್ಯೂ" ಹೇಳಿ ಕಳಿಸಲಾಯಿತು. ಕೇಕ್ ಕತ್ತರಿಸಿದರು. ಕಾರಣ ಯಾರೂ ಹೇಳಲಿಲ್ಲ, ಕೇಳಲೂ ಇಲ್ಲ. ಅವರು ವಿಮಾನ ಹತ್ತಿದ ಮುಂದಿನ ವಾರವೇ ಊಟದ ಕೋಣೆಯ ಬಾಗಿಲ ಮೇಲೆ "ಸ್ಟಾಫಿಗೆ ಮಾತ್ರ" ಎಂಬ ಬೋರ್ಡು ಬಂತು. ಹಾಕಿಸಿದ ಅಡ್ಮಿನ್ ಮ್ಯಾನೇಜರ್ ನಮ್ಮ ಬೆಂಗಳೂರಿನವರೇ.

ಮನೆಯಲ್ಲಿ ಹೆಂಡತಿ ನನ್ನ ಮುಖ ನೋಡಿಯೇ ಹೇಳಿದಳು, "ನೀವು ಮಧ್ಯೆ ಬಾಯಿ ಹಾಕ್ಬೇಡಿ. ವೀಸಾ ಕ್ಯಾನ್ಸಲ್ ಮಾಡಿದ್ರೆ ಮಗಳ ಹನ್ನೆರಡನೇ ಕ್ಲಾಸು ಏನಾಗ್ಬೇಕು?" ಅವಳು ಹೇಳಿದ್ದು ಸರಿಯಾಗಿತ್ತು. ನಾನು ಅದನ್ನು ಆಗಲೇ ಮೂವತ್ತು ರೀತಿಯಲ್ಲಿ ಚಿಂತಿಸಿ ಮುಗಿಸಿದ್ದೆ.

ಮಧ್ಯಾಹ್ನ ಕಾಕ ಡಬ್ಬಿ ಹಿಡಿದು ಬೋರ್ಡಿನ ಮುಂದೆ ನಿಂತಿದ್ದರು. "ಖಲಾಸ್ ಸರ್. ಪಾರ್ಕಿಂಗಿಗೆ ಹೋಗುವ, ಅಲ್ಲಿ ಗಾಳಿಯಾದರೂ ಉಂಟು," ಎಂದರು. ಜುಲೈ ತಿಂಗಳ ಪಾರ್ಕಿಂಗಿನಲ್ಲಿ ಗಾಳಿಯಂತೆ! ಅವರ ಕೈಯಿಂದ ಡಬ್ಬಿ ಕಸಿದುಕೊಂಡು ಒಳಗೆ ಹೋಗಿ ಮೇಜಿನ ಮೇಲಿಟ್ಟೆ. "ಬನ್ನಿ ಕಾಕ." ಬಂದರು. ಅವರ ಹಿಂದೆ ಉಳಿದವರೂ ಬಂದರು. ಮೀನು ತಿಂದು ರುಚಿ ಕಂಡಿದ್ದ ಅಕೌಂಟ್ಸಿನವರು ಸರಿದು ಜಾಗ ಬಿಟ್ಟರು.

ಊಟ ಮುಗಿಯುವ ಮೊದಲೇ ಮ್ಯಾನೇಜರ್ ಕರೆಸಿದರು. "ಏನ್ರೀ ಇದು? ನಿಮ್ಮಂಥ ಸಾಧು ಮನುಷ್ಯ! ಆ ಹೆಂಗಸು ತಾನೇ ಹೇಳಿಕೊಟ್ಟು ಹೋಗಿದ್ದು? ಹೌದು ಅಂದ್ಬಿಡಿ, ಇಲ್ಲಿಗೇ ಮುಗಿಸೋಣ."

ಹೌದು ಅಂದುಬಿಡಬಹುದಿತ್ತು. ಮೇಡಂ ಸಮುದ್ರದಾಚೆ ಇದ್ದರು, ಅವರಿಗೇನೂ ಆಗುತ್ತಿರಲಿಲ್ಲ.

"ಯಾರೂ ಹೇಳಿಕೊಟ್ಟಿಲ್ಲ ಸರ್. ನಮಗೆ ಒಟ್ಟಿಗೆ ಕೂತು ಅಭ್ಯಾಸ ಆಗ್ಬಿಟ್ಟಿದೆ. ಇನ್ನು ಬೇರೆ ಕೂರೋಕೆ ಆಗಲ್ಲ."

ಅಭ್ಯಾಸದ ಮೇಲೆ ಯಾವ ಕ್ರಮ ಕೈಗೊಳ್ಳುವುದೆಂದು ಮ್ಯಾನೇಜರಿಗೂ ಹೊಳೆಯಲಿಲ್ಲ. ಬೋರ್ಡು ಕೆಲವು ದಿನ ಇತ್ತು, ಯಾರೂ ಓದಲಿಲ್ಲ, ಆಮೇಲೆ ಕಾಣಲಿಲ್ಲ. ಮೇಡಂಗೆ ಸುದ್ದಿ ಕಳಿಸಿದೆ. ಹೊಗಳಿಕೆಗೆ ಕಾದಿದ್ದೆ. ಬಂದದ್ದು ಒಂದೇ ಸಾಲು: "ಎಲ್ಲರಿಗೂ ಕುರ್ಚಿ ಸಾಲುತ್ತಿದೆಯಾ?"

ಆ ವರ್ಷವೇ ಅವರು ತಮ್ಮೂರಿನಲ್ಲಿ ತೀರಿಕೊಂಡರು. ಸಾಲುತ್ತಿಲ್ಲ ಮೇಡಂ. ಕ್ಲೀನಿಂಗಿನವರಲ್ಲಿ ನಾಲ್ಕೈದು ಜನ ಇನ್ನೂ ನಿಂತೇ ತಿನ್ನುತ್ತಿದ್ದಾರೆ. ಮ್ಯಾನೇಜರನ್ನು ಕೇಳಿದ್ದೇನೆ, ಬಜೆಟ್ ಇಲ್ಲ ಅಂದಿದ್ದಾರೆ. ಬರುವ ಭಾನುವಾರ, ಇಲ್ಲಿ ಕೆಲಸದ ವಾರ ಶುರುವಾಗುವ ದಿನ, ನನ್ನ ಕ್ಯಾಬಿನ್ನಿನ ಎರಡು ಕುರ್ಚಿ ಊಟದ ಕೋಣೆಗೆ ಹೋಗುತ್ತವೆ. ಕೇಳಿ ಒಯ್ಯುವುದಿಲ್ಲ.