ಅವ್ವನ ಎಡಗಣ್ಣು

"ಹೀ ಸಗಳೀ ಮೆಲೇಲೀ ಆಹೇತ."

ಪುಣೆಗೆ ಬಂದ ಮೊದಲ ವಾರ ನನ್ನ ಚಿತ್ರಗಳನ್ನು ನೋಡಿ ನಮ್ಮ ಕ್ಲಾಸಿನ ಮೇಡಂ ಹೇಳಿದ ಮಾತಿದು. ಆಗ ನನಗೆ ಮರಾಠಿ ಒಂದಕ್ಷರವೂ ಬರುತ್ತಿರಲಿಲ್ಲ. ಏನೆಂದರು ಅಂತ ಪಕ್ಕದಲ್ಲಿದ್ದ ಸೊಲ್ಲಾಪುರದ ಹುಡುಗಿಯನ್ನು ಕೇಳಿದೆ. ಅವಳು ಸಂಕೋಚಪಡುತ್ತಲೇ ಹಿಂದಿಯಲ್ಲಿ ಅರ್ಥ ಹೇಳಿದಳು: ಇವರೆಲ್ಲ ಸತ್ತವರು.

ಮೇಡಂ ಬೈದದ್ದಲ್ಲ, ಕಂಡದ್ದನ್ನು ಹೇಳಿದ್ದರು. ನಾನು ಬರೆದು ತಂದಿದ್ದ ಸೈನಿಕ, ಮೀನು ಮಾರುವವಳು, ಕಳ್ಳ, ರಾಜಕುಮಾರಿ ಎಲ್ಲರೂ ನೆಟ್ಟಗೆ ಮುಂದಕ್ಕೇ ನೋಡುತ್ತಿದ್ದರು. ಯಾರ ಮುಖದಲ್ಲೂ ಒಂದು ಸುಕ್ಕಿಲ್ಲ, ಮಚ್ಚೆಯಿಲ್ಲ. ಕಳ್ಳ ಕೂಡ ಈಗತಾನೇ ಸ್ನಾನ ಮಾಡಿ ಪೌಡರ್ ಬಳಿದುಕೊಂಡು ಬಂದವನಂತಿದ್ದ.

ಆಗುವುದು ಹಾಗೇ. ಇಲ್ಲಿಗೆ ಬರುವ ಮುಂಚೆ ನಾನು ಹೊಳಲ್ಕೆರೆಯ ಒಂದು ಫ್ಲೆಕ್ಸ್ ಅಂಗಡಿಯಲ್ಲಿ ಕಂಪ್ಯೂಟರಿನ ಮುಂದೆ ಕೂರುತ್ತಿದ್ದೆ. ಹುಟ್ಟುಹಬ್ಬದ ಬ್ಯಾನರುಗಳು ಬಂದು ಹೋಗುತ್ತಿದ್ದವು, ಆದರೆ ಅಂಗಡಿಯನ್ನು ಸಾಕುತ್ತಿದ್ದದ್ದು ಭಾವಪೂರ್ಣ ಶ್ರದ್ಧಾಂಜಲಿ. ಜನ ಆಧಾರ್ ಕಾರ್ಡಿನ ಮಸುಕು ಫೋಟೊ ತಂದು ಕೊಡುತ್ತಿದ್ದರು. ನಾವು ಮುಖ ಬೆಳ್ಳಗೆ ಮಾಡಿ, ಸುಕ್ಕು ಒರೆಸಿ, ಬದುಕಿನಲ್ಲಿ ಒಮ್ಮೆಯೂ ಕೋಟು ಮುಟ್ಟದ ಮುದುಕನಿಗೆ ನೀಲಿ ಕೋಟು ತೊಡಿಸಿ ಕಳಿಸುತ್ತಿದ್ದೆವು. ಕೆಲವರು ಸತ್ತ ಮೇಲೆ ತೆಗೆದ ಫೋಟೊವನ್ನೇ ತರುತ್ತಿದ್ದರು. ಅದಕ್ಕಾಗಿ ಮಾಲೀಕ ರುದ್ರಣ್ಣ ಕಂಪ್ಯೂಟರಿನಲ್ಲಿ ಬರೀ ಕಣ್ಣುಗಳನ್ನೇ ಕೂಡಿಸಿಟ್ಟಿದ್ದ. ಗಂಡಸರ ಕಣ್ಣು, ಹೆಂಗಸರ ಕಣ್ಣು, ವಯಸ್ಸಾದವರ ಕಣ್ಣು. ಹೊಂದುವ ಜೋಡಿ ಆರಿಸಿ ಅಂಟಿಸಿದರೆ ಹೆಣ ಎದ್ದು ಕೂತು ನಮ್ಮನ್ನು ನೋಡುತ್ತಿತ್ತು. ಆ ಕೆಲಸದಲ್ಲಿ ನನ್ನ ಕೈ ಚೆನ್ನಾಗಿ ಪಳಗಿತ್ತು.

ಇಲ್ಲಿ ಕಲಿಯಲು ಬಂದದ್ದು ಅದರ ಉಲ್ಟಾ. ಆಟಗಳಿಗೆ, ಕಾರ್ಟೂನುಗಳಿಗೆ ಬೇಕಾದ ಪಾತ್ರಗಳನ್ನು ಗಾಜಿನ ಹಲಗೆಯ ಮೇಲೆ ಡಿಜಿಟಲ್ ಪೆನ್ನಿನಲ್ಲಿ ಬರೆಯುವ ವಿದ್ಯೆ. ಒಬ್ಬರನ್ನೇ ಮುಂದಿನಿಂದ, ಪಕ್ಕದಿಂದ, ಹಿಂದಿನಿಂದ ಬರೆಯಬೇಕು. ಸಿಟ್ಟಾದರೆ ಹೇಗಿರುತ್ತಾರೆ, ಹೆದರಿದರೆ ಹೇಗಿರುತ್ತಾರೆ ಎಂದೂ ತೋರಿಸಬೇಕು. ಅಂಥ ಚಿತ್ರಗಳ ಕಟ್ಟಿಗೆ ಪೋರ್ಟ್‌ಫೋಲಿಯೊ ಅನ್ನುತ್ತಾರೆ. ಯಾವ ಸ್ಟುಡಿಯೊ ಬಾಗಿಲು ಬಡಿದರೂ ಮೊದಲು ಅದನ್ನೇ ಕೇಳುತ್ತಾರೆ, ಡಿಗ್ರಿ ಆಮೇಲೆ.

ಚಿತ್ರದುರ್ಗದಲ್ಲಿ ಹತ್ತಿದ ಬಸ್ಸು ರಸ್ತೆ ಬದಲಿಸದೆ ಪುಣೆಗೆ ತಂದು ಇಳಿಸುತ್ತದೆ. ನಮ್ಮ ಕುರಿಗಳು ಹಿರಿಯೂರಿನ ಕಡೆ ಮೇಯಲು ಹೋಗುವಾಗ ದಾಟುತ್ತಿದ್ದ ಹೈವೇ ಅದೇ. ಒಂದೇ ರಸ್ತೆ ಎನ್ನುವ ಧೈರ್ಯದಲ್ಲಿ ಬಂದೆ. ರಸ್ತೆ ಒಂದೇ ಆದರೂ ಈ ತುದಿಯಲ್ಲಿ ನನ್ನನ್ನು ಕೇಳುವವರೇ ಇರಲಿಲ್ಲ.

ಖೋಲಿ ಎಂದರೆ ಕೋಣೆ. ನನಗೆ ಸಿಕ್ಕ ಖೋಲಿ ಒಂದು ಹಳೆಯ ಮನೆಯ ಮೆಟ್ಟಿಲ ಕೆಳಗಿತ್ತು. ಮೇಲೆ ಯಾರಾದರೂ ಹತ್ತಿದರೆ ನನ್ನ ತಲೆಯ ಮೇಲೇ ನಡೆದಂತೆ ಸದ್ದು. ಕಿಟಕಿ ತೆಗೆದರೆ ಪಕ್ಕದ ಗೋಡೆ. ಊರಲ್ಲಿ ಕಂಬಳಿ ಹಾಸಿ ಬಯಲಲ್ಲಿ ಮಲಗಿ ಬೆಳೆದವನಿಗೆ ಮೊದಲ ತಿಂಗಳು ಉಸಿರು ಕಟ್ಟುತ್ತಿತ್ತು. ಊಟಕ್ಕೆ ಜೋಳದ ಭಾಕರಿ, ಅಂದರೆ ನಮ್ಮ ರೊಟ್ಟಿಯ ದಪ್ಪನೆಯ ಅಣ್ಣ. ಅದು ಬಾಯಿಗೆ ಒಗ್ಗಿತು. ಆದರೆ ಮುದ್ದೆ ನುಂಗಿದ ಗಂಟಲಿಗೆ ಎಲ್ಲವನ್ನೂ ಅಗಿದು ತಿನ್ನುವುದೇ ಒಂದು ಕೆಲಸವಾಯಿತು.

ಮನೆಯೊಡತಿಯನ್ನು ಎಲ್ಲರೂ ಕಾಕು ಅನ್ನುತ್ತಾರೆ, ನಮ್ಮಲ್ಲಿ ಚಿಕ್ಕಮ್ಮ ಎಂದಂತೆ. ಒಂದು ದಿನ ಅವರು ಸಿಡುಕಿದರು: "ನೀನು ಮಾತಾಡುವ ಮುಂಚೆ ನನ್ನನ್ನು ಒಂದು ಸುತ್ತು ಯಾಕೆ ಸುತ್ತುತ್ತೀಯ?"

ಅಲ್ಲಿಯವರೆಗೆ ನಾನು ಹಾಗೆ ಮಾಡುತ್ತೇನೆಂದು ನನಗೇ ತಿಳಿದಿರಲಿಲ್ಲ. ನಾನು ಯಾರ ಜೊತೆ ಮಾತಾಡಬೇಕಾದರೂ ಅವರ ಬಲಗಡೆಗೆ ಹೋಗಿ ನಿಲ್ಲುತ್ತೇನೆ. ಅದು ಹೊಸದುರ್ಗದ ಸೀಮೆಯ ನಮ್ಮ ಮನೆಯ ರೂಢಿ. ಅವ್ವನ ಎಡಗಣ್ಣಿಗೆ ಹೂವು ಬಿದ್ದಿತ್ತು. ಹುಡುಗಿಯಾಗಿದ್ದಾಗ ಮರಿಗಳಿಗೆ ಜಾಲಿ ಕೊಂಬೆ ಬಗ್ಗಿಸುತ್ತಿದ್ದಳಂತೆ, ಕೊಂಬೆ ಜಾರಿ ಮುಳ್ಳು ಹೊಡೆದು ಕಣ್ಣು ಬೆಳ್ಳಗಾಯಿತು. ನಾವು ಹುಟ್ಟುವುದಕ್ಕೆ ಎಷ್ಟೋ ಮುಂಚಿನ ಮಾತು. ಅವ್ವನ ಬಲಗಡೆ ನಿಂತು ಮಾತಾಡಬೇಕು, ಎಡಗಡೆಯಿಂದ ಬಂದರೆ ಮೊದಲು ದನಿ ಕೊಡಬೇಕು. ಇಲ್ಲದಿದ್ದರೆ ಬೆಚ್ಚಿ ಕೈಯಲ್ಲಿದ್ದದ್ದನ್ನು ಬಿಡುತ್ತಿದ್ದಳು. ಅಣ್ಣ ಕರಿಯಣ್ಣನೂ ಹಾಗೇ, ಮದುವೆಯಾಗಿ ಬಂದ ಅತ್ತಿಗೆಯೂ ವಾರದಲ್ಲಿ ಹಾಗೇ ಆದಳು.

ಸತ್ತವರನ್ನೇ ಬರೆಯುವ ರೋಗ ನನ್ನ ಕೈಯಿಂದ ಬಿಡಲು ಬಹಳ ಕಾಲ ಹಿಡಿಯಿತು. ಮೇಡಂ ಒಮ್ಮೆ ಬೇಸತ್ತು ಹೇಳಿದರು: ನಿನಗೆ ಚೆನ್ನಾಗಿ ಗೊತ್ತಿರುವ ಒಬ್ಬರನ್ನು ಬರೆ, ಏನನ್ನೂ ತಿದ್ದಬೇಡ. ನಾನು ಅವ್ವನನ್ನು ಬರೆದೆ. ಓಲೆಯ ಭಾರಕ್ಕೆ ಜೋತ ಕಿವಿ, ಗಲ್ಲದ ಹಚ್ಚೆ, ತಲೆಯ ಮೇಲೆ ಕಂಬಳಿಯ ಕೊಪ್ಪೆ. ಎಡಗಡೆ ಸದ್ದಾದರೆ ಕತ್ತು ಪೂರ್ತಿ ತಿರುಗಿಸಿ ಬಲಗಣ್ಣಿಗೆ ಆ ಕಡೆಯನ್ನು ತೋರಿಸುವ ಅವಳ ರೀತಿ. ಮತ್ತೆ ಆ ಹೂವು ಬಿದ್ದ ಕಣ್ಣು. ಅದೊಂದಕ್ಕೇ ಏಳೆಂಟು ಲೇಯರ್ ಹಾಕಿದೆ. ಲೇಯರ್ ಎಂದರೆ ಒಂದರ ಮೇಲೊಂದು ಹಾಸಿದ ಗಾಜಿನಂಥ ಪದರ. ಮೇಡಂ ನೋಡಿ "ಜಿವಂತ್" ಅಂದರು. ಆ ಪದಕ್ಕೆ ಯಾರೂ ನನಗೆ ಅರ್ಥ ಹೇಳಬೇಕಾಗಲಿಲ್ಲ.

ಆ ಹಾಳೆಯಿಂದಲೇ ನನಗೆ ಒಂದು ಸ್ಟುಡಿಯೊದಲ್ಲಿ ಕೆಲಸ ಸಿಕ್ಕಿತು. ಸಂದರ್ಶನ ಮಾಡಿದವರು ಮಿಕ್ಕ ಚಿತ್ರಗಳನ್ನು ಸರಸರ ಸರಿಸಿ ಅವ್ವನ ಹತ್ತಿರ ನಿಂತರು. ಹೆಮ್ಮೆಯಿಂದ ಅದನ್ನು ಅಣ್ಣನ ಫೋನಿಗೆ ಕಳಿಸಿದೆ. ಅವನು ಅವ್ವನಿಗೆ ತೋರಿಸಿ ಫೋನು ಅವಳ ಕೈಗೆ ಕೊಟ್ಟ.

"ನನ್ ಕಣ್ಣು ಯಾಕಪ್ಪ ಹಂಗೇ ಬರ್ದೆ?" ಅಂದಳು ಅವ್ವ.

"ಅದು ಹಂಗೇ ಐತಲ್ಲವ್ವ."

"ಐತೆ, ನಂಗೊತ್ತಿಲ್ವಾ? ಊರಾಗೆ ಸತ್ತೋರಿಗೆಲ್ಲ ಕಣ್ಣು ಇಟ್ಟು ಕಳಿಸ್ದೋನು ನೀನು. ಹೆತ್ತೋಳಿಗೆ ಒಂದು ಕಣ್ಣು ಇಡಾಕೆ ಆಗ್ಲಿಲ್ವೇನೋ ನಿಂಗೆ?"

ನಮ್ಮ ಮನೆಯಲ್ಲಿರುವ ಒಂದೆರಡು ಫೋಟೊಗಳಲ್ಲಿ ಅವ್ವ ಯಾವಾಗಲೂ ಎಡಗಡೆಗೆ ಸೆರಗೆಳೆದುಕೊಂಡೇ ಇದ್ದಾಳೆ. ನಾಚಿಕೆಯ ಸ್ವಭಾವ ಅಂದುಕೊಂಡಿದ್ದೆ. ಹೆಣ್ಣು ನೋಡಲು ಬಂದ ದಿನವೂ ಆ ಸೆರಗು ಹಾಗೇ ಇತ್ತೆಂದು ಅವ್ವನ ಅಕ್ಕ, ನಮ್ಮ ದೊಡ್ಡವ್ವ, ಆಡಿಕೊಂಡು ನಗುತ್ತಿದ್ದಳು, ನಾವೂ ನಗುತ್ತಿದ್ದೆವು. ಅವ್ವ ಆಗ ನಗುತ್ತಿದ್ದಳೋ ಇಲ್ಲವೋ, ನನಗೆ ನೆನಪಿಲ್ಲ.

"ಆ ಕಣ್ಣಿಂದಲೇ ನಂಗೆ ಕೆಲ್ಸ ಸಿಕ್ಕಿದ್ದು ಕಣವ್ವ," ಅಂದೆ ಕೊನೆಗೆ.

"ಹಂಗಾರೆ ಅಲ್ಲಿಗೆ ಅದು ಇರ್ಲಿ ಬಿಡು, ನಿನ್ ಅನ್ನದ್ದು. ಇಲ್ಲಿಗೆ ಒಂದು ಬ್ಯಾರೆ ಮಾಡ್ಕೊಡು, ಎರಡೂ ಕಣ್ಣಿಂದು. ನಾನು ಹೋದಾಗ ಬಸ್‌ಸ್ಟ್ಯಾಂಡ್ ತಾವ ಕಟ್ತೀರಲ್ಲ, ಅದಕ್ಕೆ."

"ಬಿಡ್ತು ಅನ್ನವ್ವ," ಎಂದು ಬೈದೆ. ಬದುಕಿರುವವರ ಶ್ರದ್ಧಾಂಜಲಿ ಯಾರು ಮಾಡುತ್ತಾರೆ? ರುದ್ರಣ್ಣನ ಅಂಗಡಿಯಲ್ಲೂ ಆ ಕೆಲಸಕ್ಕೆ ಯಾರೂ ಕೈ ಹಾಕುತ್ತಿರಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಅವ್ವನಿಗೆ ಜ್ವರ ಬಂತು. ಚಿತ್ರದುರ್ಗದ ಆಸ್ಪತ್ರೆಗೆ ಸೇರಿಸಿದ್ದೇವೆ ಎಂದು ಅಣ್ಣ ಬೆಳಿಗ್ಗೆ ಹೇಳಿದ. ಸಂಜೆ ಮತ್ತೆ ಫೋನ್ ಮಾಡಿದಾಗ, "ಅವ್ವ ಹೋದ್ಳು, ಹೊಂಟು ಬಾ," ಅಂದ. ನಾನು ಊರು ಮುಟ್ಟುವಷ್ಟರಲ್ಲಿ ಮಣ್ಣು ಮುಗಿದಿತ್ತು. ಹಸಿ ಮಣ್ಣಿನ ದಿಬ್ಬಕ್ಕೆ ಜಾಲಿ ಮುಳ್ಳು ಹೊದಿಸಿದ್ದರು, ನಾಯಿ ನರಿ ಕೆದರದ ಹಾಗೆ. ಅದೇ ಮುಳ್ಳು.

"ಕಾರ್ಯಕ್ಕೆ ಬ್ಯಾನರ್ ನೀನೇ ಮಾಡ್ಬೇಕಪ್ಪ," ಅಂದ ಅಣ್ಣ. "ಅವ್ವ ಹೇಳಿದ್ದು ನೆಪ್ಪೈತಲ್ಲ?"

ಹೊಳಲ್ಕೆರೆಗೆ ಹೋಗಿ ನನ್ನ ಹಳೆಯ ಕುರ್ಚಿಯಲ್ಲಿ ಕೂತೆ. ರುದ್ರಣ್ಣ ಹೆಗಲ ಮೇಲೆ ಕೈಯಿಟ್ಟು ಮೆಲ್ಲಗೆ ಹೇಳಿದ: "ಬಲಗಣ್ಣು ಕಾಪಿ ಮಾಡಿ ತಿರುಗ್ಸಿ ಹಾಕೋ. ಯಾಕೆ ತಲೆ ಕೆಡಿಸ್ಕಂತೀಯ?" ಹಾಕಿ ನೋಡಿದೆ. ಮೇಡಂ ಅಂದ ಮೊದಲ ಮಾತು ಕಿವಿಯಲ್ಲಿ ಕೇಳಿತು. ಅಳಿಸಿದೆ. ಆ ಕಣ್ಣನ್ನು ಬರೆಯಬೇಕಿತ್ತು, ಆದರೆ ಅದನ್ನು ನಾನು ನೋಡಿಯೇ ಇರಲಿಲ್ಲ. ದೊಡ್ಡವ್ವನಿಗೆ ಫೋನ್ ಹಚ್ಚಿ ಕೇಳಿದೆ, ಮುಳ್ಳು ಹೊಡೆಯುವ ಮುಂಚೆ ಆ ಕಣ್ಣು ಹೇಗಿತ್ತು?

"ಯಾರಿಗ್ ಗೊತ್ತಪ್ಪ," ಅಂದಳು. "ಎರಡೂ ನೆಟ್ಟಗಿದ್ದಾಗ ಯಾರು ನೋಡ್ತಾರೆ ಕಣ್ಣ."

ಪುಣೆಯಲ್ಲಿ ಕಲಿತದ್ದನ್ನೆಲ್ಲ ಸುರಿದು ಬರೆದೆ. ಒಂದು ಕಣ್ಣು ಇನ್ನೊಂದರಂತೆ ಎಂದೂ ಇರುವುದಿಲ್ಲ. ರೆಪ್ಪೆ ಕೊಂಚ ಇಳಿಸಿದೆ, ಮೂಲೆಯಲ್ಲಿ ನೀರಿನ ಪಸೆ ಇಟ್ಟೆ. ಹಚ್ಚೆಯನ್ನೂ ಸುಕ್ಕನ್ನೂ ಮುಟ್ಟಲಿಲ್ಲ. ಮುಗಿಸಿದಾಗ ರುದ್ರಣ್ಣ ಪ್ರಿಂಟಿಗೆ ಹಾಕಿದ.

ಕಾರ್ಯದ ದಿನ ಬಸ್‌ಸ್ಟ್ಯಾಂಡಿನ ಎದುರು ಎರಡು ಕಂಬಗಳ ನಡುವೆ ಅವ್ವನನ್ನು ಕಟ್ಟಿದರು. ಬಂದವರೆಲ್ಲ ಚೆನ್ನಾಗೈತೆ ಚೆನ್ನಾಗೈತೆ ಅಂದರು. ದೊಡ್ಡವ್ವ ಮುಂದೆ ನಿಂತು ಎದೆ ಬಡಿದುಕೊಂಡು ಅತ್ತಳು. ನಾನು ಮಾತ್ರ ಅಭ್ಯಾಸದಂತೆ ಅವ್ವನ ಬಲಗಡೆ ಹೋಗಿ ನಿಂತೆ. ಬಲಗಣ್ಣಿಗೆ ನನ್ನ ಗುರುತಿತ್ತು. ಆಮೇಲೆ ಎಡಗಡೆಗೆ ಹೋದೆ. ನಾನೇ ಬರೆದ ಕಣ್ಣು ನನ್ನನ್ನು ದಾರಿಹೋಕನನ್ನು ನೋಡಿದಂತೆ ನೋಡಿತು. ಅದು ನನ್ನನ್ನು ಕಂಡದ್ದೇ ಆವತ್ತು.

ಈಗ ಪುಣೆಯ ಆಫೀಸಿನ ಗೋಡೆಯ ಮೇಲೆ ಹೂವು ಬಿದ್ದ ಕಣ್ಣಿನ ಅವ್ವ ಇದ್ದಾಳೆ. ಅವಳು ನನ್ನವಳು, ಆದರೆ ಅಲ್ಲಿ ಯಾರಿಗೂ ಅವಳ ಹೆಸರು ಗೊತ್ತಿಲ್ಲ. ಊರಿನ ಅವ್ವ ಎಲ್ಲರಿಗೂ ಗೊತ್ತು, ಅವಳಿಗೆ ನಾನು ಅರ್ಧ ಗೊತ್ತು.

ಊರಿಂದ ಹೊರಟ ದಿನ ಹತ್ತಿದ ಬಸ್ಸು ಬ್ಯಾನರಿನ ಅವ್ವನ ಎಡಗಡೆಯಿಂದಲೇ ತಿರುಗಿಕೊಂಡಿತು. ಆ ಕಣ್ಣು ಸರಿಯಾಗಿತ್ತು, ಸರಿ ಮಾಡಿದವನೂ ನಾನೇ. ಆದರೂ ಕಿಟಕಿಯಿಂದ ತಲೆ ಹೊರಹಾಕಿ ದನಿ ಕೊಟ್ಟೆ: "ಅವ್ವ, ನಾನು ಕಣವ್ವ. ಹೋಗ್ಬರ್ತೀನಿ."