ಅತ್ತಿಗೆಯ ಎಡಗೈ

ನಮ್ಮ ಅತ್ತಿಗೆಗೆ ಬೀದಿಯವರು ಇಟ್ಟ ಹೆಸರು ಒಂಟಿಗೈ. ಎರಡು ಕೈಯೂ ನೆಟ್ಟಗಿವೆ, ಅದು ಬೇರೆ ಮಾತು. ಮನೆಯ ಹಿಂದಿನ ಕೋಣೆಯಲ್ಲಿ ಇನ್ವರ್ಟರು, ವೆಲ್ಡಿಂಗ್ ಮೆಷಿನ್ನು ರಿಪೇರಿಗೆ ಕೂತಾಗ ಎಡಗೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಲಗೈಯಲ್ಲೇ ಕೆಲಸ ಮಾಡುತ್ತಾಳೆ. ಎರಡೂ ಕೈ ಒಳಗಿಟ್ಟರೆ ಕರೆಂಟು ಒಂದು ಕೈಯಿಂದ ಹೊಕ್ಕು, ಎದೆ ದಾಟಿ, ಇನ್ನೊಂದರಿಂದ ಹೊರಬೀಳುತ್ತದಂತೆ. ಆ ಬಾಗಿಲು ದಾಟುವಾಗಲೆಲ್ಲ ನಾನು, "ಎಡಗೈ ಎಲ್ರೀ ಮೇಡಂ?" ಎಂದು ಕಿಚಾಯಿಸುವುದು, ಅವಳು ತಲೆಯೆತ್ತದೆ "ಸೊಂಟದಲ್ಲೇ ಇದೆ ಕಣೇ" ಎನ್ನುವುದು ರೂಢಿ. ಅಣ್ಣನಿಗೆ ಮಾತ್ರ ಈ ಹುಡುಗಾಟ ಹಿಡಿಸದು.

ಟ್ರಾನ್ಸಿಸ್ಟರ್ ಕಿತ್ತು ಪರೀಕ್ಷಿಸಲು ಮಾತ್ರ ಅವಳಿಗೆ ಎರಡೂ ಕೈ ಬೇಕು. ಆದರೆ ಪ್ಲಗ್ ಕಿತ್ತ ಮೇಲೂ ಒಳಗಿನ ದಪ್ಪ ಕೆಪಾಸಿಟರು ಕರೆಂಟನ್ನು ಹೊಟ್ಟೆಯಲ್ಲಿಟ್ಟುಕೊಂಡು ಕೂತಿರುತ್ತದೆ. ಅದಕ್ಕೆಂದೇ ಎರಡು ವೈರಿನ ಹೋಲ್ಡರಿಗೆ ಒಂದು ಹಾಲುಬಣ್ಣದ ಬಲ್ಬು ಸಿಕ್ಕಿಸಿದ್ದಾಳೆ. ವೈರಿನ ತುದಿಗಳನ್ನು ಕೆಪಾಸಿಟರಿಗೆ ತಾಗಿಸಿದರೆ ಫಕ್ಕನೆ ಹೊತ್ತಿ ಆರುತ್ತದೆ. ಆಗ ಹೊಟ್ಟೆ ಖಾಲಿ, ಕೈ ಹಾಕಬಹುದು. ಯಾರೂ ಮುಟ್ಟದಿರಲೆಂದು ಆ ಬಲ್ಬಿನ ಮೇಲೆ ಉಗುರುಬಣ್ಣದ ಕೆಂಪು ಚುಕ್ಕೆ ಇಟ್ಟಿದ್ದಾಳೆ.

ಆ ಮಧ್ಯಾಹ್ನ ಕೈ ತೊಳೆಯಲೆಂದು ಬಚ್ಚಲ ದೀಪ ಹಾಕಿದೆ. ಬಲ್ಬಿನ ಮೇಲೆ ಕೆಂಪು ಚುಕ್ಕೆ!

"ಅಣ್ಣಾ, ಈ ಬಲ್ಬು ಎಲ್ಲಿಂದ ಬಂತೋ?"

"ಇಲ್ಲಿದ್ದದ್ದು ಹೋಗಿತ್ತು. ಅವಳ ಟೇಬಲ್ಲಿಂದ ತಂದೆ. ಅಲ್ಲಿ ಬೋಳಾಗಿ ಕಾಣ್ತಿತ್ತು ಅಂತ ಹೋಗಿದ್ದನ್ನೇ ಸಿಕ್ಕಿಸಿದ್ದೀನಿ. ಸಂಜೆ ಹೊಸದು ತರ್ತೀನಿ ಬಿಡೇ."

ಮನೆಹಾಳು ಬುದ್ಧಿ! "ಅದನ್ನು ಬಿಚ್ಚಿ ತಾ!" ಎಂದವಳೇ ಓಡಿದೆ.

ಅತ್ತಿಗೆ ಆಗಷ್ಟೇ ವೆಲ್ಡಿಂಗ್ ಮೆಷಿನ್ನಿನ ಪ್ಲಗ್ ಕಿತ್ತಿದ್ದಳು. ವೈರು ತಾಗಿಸಿದಳು. ಬಲ್ಬು ಹೊತ್ತಲಿಲ್ಲ; ಕಣ್ಣು ಮೆಷಿನ್ನಿನ ಮೇಲೇ ಇತ್ತು, ಚುಕ್ಕೆಯಿಲ್ಲದ್ದು ಕಾಣಲಿಲ್ಲ. "ತಾನೇ ಖಾಲಿಯಾಗಿದೆ" ಎಂದು ಗೊಣಗಿದಳು. ಕೆಟ್ಟ ಮೆಷಿನ್ನುಗಳಲ್ಲಿ ಒಮ್ಮೊಮ್ಮೆ ಹಾಗಾಗುವುದುಂಟು. ಎಡಗೈ ಸೊಂಟದಿಂದ ಹೊರಬಂದು ಟ್ರಾನ್ಸಿಸ್ಟರುಗಳನ್ನು ಕೂರಿಸಿದ್ದ ಅಲ್ಯೂಮಿನಿಯಂ ತಟ್ಟೆ ಹಿಡಿಯಿತು. ಬಲಗೈ ಟ್ರಾನ್ಸಿಸ್ಟರಿನ ಕಡೆ ಹೊರಟಿತು.

ಕೂಗಲು ಬಾಯಿ ತೆರೆದೆ. ಕೂಗಿದರೆ ಬೆಚ್ಚುತ್ತಾಳೆ, ಬೆಚ್ಚಿದರೆ ಕೈ ಅಲ್ಲೇ ಬೀಳುತ್ತದೆ. ಸ್ವಿಚ್ ಆರಿಸೋಣವೆಂದರೆ ಪ್ಲಗ್ಗೇ ನೆಲದ ಮೇಲಿದೆ. ಅಯ್ಯೋ, ನನ್ನ ಕಣ್ಣೆದುರೇ ಸತ್ತುಹೋಗ್ತಾಳೆ ಎನ್ನುವುದೊಂದೇ ತಲೆಯಲ್ಲಿ.

ಎಂದಿನ ದನಿಯನ್ನು ಎಲ್ಲಿಂದಲೋ ಹುಡುಕಿ ತಂದು ಕೇಳಿದೆ: "ಎಡಗೈ ಎಲ್ರೀ ಮೇಡಂ?"

"ಸೊಂಟದಲ್ಲೇ ಇದೆ ಕಣೇ" ಎಂದಳು. ಹಾಗೆಂದವಳು ನೋಡಿದರೆ ಕೈ ಅಲ್ಲಿಲ್ಲ. ಸುಳ್ಳಾಯಿತಲ್ಲ ಎಂದು ನಗುತ್ತ ಅದನ್ನು ಹಿಂದೆಳೆದು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಬಲಗೈಯೂ ಅಲ್ಲೇ ನಿಂತಿತು.

"ಹಿಂದೆ ಬಾ ಅತ್ತಿಗೆ. ಮೆಲ್ಲಗೆ. ಆ ಬಲ್ಬು ಹೋಗಿದೆ, ಅಣ್ಣ ಬದಲಾಯಿಸಿಬಿಟ್ಟಿದ್ದಾನೆ."

ಅವಳ ನಗು ಇಂಗಿತು. ಅಷ್ಟರಲ್ಲಿ ಅಣ್ಣ ಕೆಂಪು ಚುಕ್ಕೆಯ ಬಲ್ಬು ಹಿಡಿದು ಓಡಿಬಂದ. ಅತ್ತಿಗೆ ಅದನ್ನು ಸಿಕ್ಕಿಸಿ, ಒಂದೇ ಕೈಯಲ್ಲಿ ವೈರು ತಾಗಿಸಿದಳು. ಕೋಣೆಯೆಲ್ಲ ಒಮ್ಮೆ ಬೆಳ್ಳಗಾಗಿ ಆರಿತು. ಕರೆಂಟು ಹೊಟ್ಟೆಯಲ್ಲೇ ಇತ್ತು.

"ಹೊತ್ತದಿದ್ದಾಗಲೇ ಮೀಟರ್ ಇಟ್ಟು ನೋಡಬೇಕಿತ್ತು" ಎಂದಳು ಅತ್ತಿಗೆ. ಅಣ್ಣ ಹೊಸ್ತಿಲ ಮೇಲೇ ಕುಸಿದು ಕೂತ. ನಾಲಿಗೆ ತುದಿಗೆ ಬಂದಿದ್ದ ಬೈಗುಳವನ್ನು ಅವನ ಮುಖ ನೋಡಿ ನುಂಗಿಕೊಂಡೆ.

ನಾನೀಗ ಕಿಚಾಯಿಸುವುದನ್ನು ಬಿಟ್ಟಿದ್ದೇನೆ. ಕೇಳುವವನು ಅಣ್ಣ. "ಎಡಗೈ ಎಲ್ಲೇ?" ಎಂದು ಬಾಗಿಲಲ್ಲಿ ನಿಲ್ಲುತ್ತಾನೆ, ನಗುವುದಿಲ್ಲ. ಉತ್ತರ ಬರುವವರೆಗೆ ಅಲ್ಲಿಂದ ಕದಲುವುದೂ ಇಲ್ಲ.